ಲಾಳಿ ಹೋದ ಆರನೇ ಊರು

ಖಾನಾಪುರ
೧೬ ಜೂನ್ ೨೦೨೫

ಹೃಷಿ,

ಆಶೀರ್ವಾದ ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಜಗಳ ಮುಗಿಯಲಿ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನನ್ನ ದನಿ ತುಸು ಏರಿತೆಂದರೆ ಸಾಕು, ನಿನಗೆ ನೆಟ್‌ವರ್ಕ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ರೋಗವಿಲ್ಲ. ನಮ್ಮ ಓಣಿಯ ಗಜಾನನ ದಿನಾ ಮುಂಜಾನೆ ರೈಲಿಗೆ ಬೆಳಗಾವಿಗೆ ನೌಕರಿಗೆ ಬರುತ್ತಾನಲ್ಲ, ಅವನ ಕೈಯಲ್ಲಿ ಕೊಟ್ಟಿದ್ದೇನೆ. ಅವನನ್ನು ಬಾಗಿಲಲ್ಲಿ ನಿಲ್ಲಿಸಬೇಡ, ಚಹಾ ಕೊಡು.

ನಿನ್ನೆ ನಾನು ಹಿಂದವಾಡಿಯ ನಿನ್ನ ಮನೆಗೆ ಬಂದದ್ದು ಹಾಡು ಕೇಳಲಿಕ್ಕೆ. "ಅತ್ತಿ, ಹೊಸಾ ಸ್ಪೀಕರ್ ಬಂದಾವು, ಕೇಳಾಕ ಬರ್ರಿ" ಎಂದು ನೀನೇ ಕರೆದಿದ್ದೆ. ಒಂದು ಕೋಣೆ, ನಾಲ್ಕೂ ಗೋಡೆಗೆ ಗಾದಿ ಬಡಿದಿದ್ದೀ, ನಡುವೆ ಒಂದೇ ಕುರ್ಚಿ. ಮುಗ್ಧಾ ಎಲ್ಲಿ ಕೂಡುತ್ತಾಳೆ ಎಂದು ಕೇಳಿದೆ. "ಖರೇ ಕೇಳಸೂದು ಆ ಒಂದ ಜಾಗಾದಾಗ ನೋಡ್ರಿ" ಎಂದೆ ನೀನು. ಹೆಂಡತಿ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು, ನಾನು ಮಹಾರಾಣಿಯ ಹಾಗೆ ನಡುವೆ ಕೂತಿದ್ದೆ. ಸದ್ದಾಗುತ್ತದೆಂದು ನೀನು ಫ್ಯಾನು ಸಹ ಬಂದ್ ಮಾಡಿಸಿದೆ.

ಆಮೇಲೆ ಏನು ಕೇಳಿಸಿದೆ? ಹನ್ನೊಂದು ಹಾಡು ಹಚ್ಚಿದೆ, ಒಂದನ್ನೂ ಮುಗಿಸಲಿಲ್ಲ. "ಇಲ್ಲಿ ತಬಲಾದ ಬೆರಳ ಕೇಳ್ರಿ" ಎಂದು ಒಂದನ್ನು ಕತ್ತರಿಸಿದೆ. "ಇದರಾಗ ಬಾಸ್ ಕೇಳ್ರಿ" ಎಂದು ಇನ್ನೊಂದನ್ನು. ಒಂದರಲ್ಲಿ ಆ ಹೆಣ್ಣುಮಗಳು ಆಗ ತಾನೇ ಮೇಲಿನ ಸ್ವರಕ್ಕೆ ಏರತೊಡಗಿದ್ದಳು, ಅವಳ ಸಂಗಡ ನನ್ನ ಜೀವವೂ ಏರುತ್ತಿತ್ತು. ನೀನು ಅಲ್ಲೇ ಕಡಿದೆ. ಆಕೆ ಇನ್ನೂ ಅಲ್ಲೇ ಮೇಲೆ ನಿಂತಿದ್ದಾಳೆ ಹೃಷಿ, ಯಾರಾದರೂ ಹೋಗಿ ಕೆಳಗಿಳಿಸಬೇಕು. ಊಟಕ್ಕೆ ಕರೆದು ಹನ್ನೊಂದು ಪಾತ್ರೆಯ ಮುಚ್ಚಳ ತೆಗೆದು, ವಾಸನೆ ತೋರಿಸಿ, ಕೈ ತೊಳೆಯಿರಿ ಎಂದಂತಾಯಿತು. ಮೇಲೆ ಆ ತಂತಿಯ ಬೆಲೆ ಬೇರೆ ಹೇಳಿದೆ. ತಂತಿ! ಬಂಗಾರದ ಸರದ ಬೆಲೆಗೆ ಒಂದು ಮೊಳ ತಂತಿ!

ಇರಲಿ, ದುಡಿಮೆ ನಿನ್ನದು. ಆಟೋ ನಗರದಲ್ಲಿ ಲೇಥಿನ ಮುಂದೆ ನಿಂತು ಮೇಲೆ ಬಂದವನು ನೀನು. ನನ್ನ ಮಾತು ಒಂದೇ. ಸಂಕ್ರಾಂತಿಗೆ ಬಂದಾಗ ನನ್ನ ಕಡೆಯಿಂದ ಒಯ್ದ, ನಿಮ್ಮಪ್ಪ ಬಾಳಣ್ಣ ಹಾಡಿದ ಕ್ಯಾಸೆಟ್ ಎಲ್ಲಿ? "ಎಂಟ ದಿನದಾಗ ತಿರುಗಿ ಕೊಡ್ತೀನಿ" ಎಂದವನದು ಐದು ತಿಂಗಳಾದರೂ ಸುದ್ದಿಯಿಲ್ಲ. ಜುಲೈ ಕೊನೆಗೆ ಪಂಚಮಿ. ಅಷ್ಟರೊಳಗೆ ಅದು ನನ್ನ ಕೈಯಲ್ಲಿರಬೇಕು.

ಇಬ್ಬರಿಗೂ ಆಶೀರ್ವಾದ. ಮುಗ್ಧಾಗೆ ಒಂದು ಹೆಚ್ಚು.

ನಿನ್ನ ಅತ್ತೆ
ಚಂದ್ರಭಾಗಾ

*

ಬೆಳಗಾವಿ
೨೯ ಜೂನ್ ೨೦೨೫

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಮುಗ್ಧಾ ನಕ್ಕಳು, ನನಗೆ ನಗು ಬರಲಿಲ್ಲ. ಹಾಡು ಪೂರ್ತಿ ಕೇಳಿಸಲಿಲ್ಲ, ನಿಜ. ನಿಮಗೆ ರೈಲಿಗೆ ಹೊತ್ತಾಗುತ್ತದೆ, ಇದ್ದ ವೇಳೆಯಲ್ಲಿ ಎಲ್ಲವನ್ನೂ ತೋರಿಸೋಣ ಎಂದು ಹಾಗೆ ಮಾಡಿದೆ. ಹೊಸ ಸೀರೆ ತಂದವರು ಸೆರಗು ಬಿಚ್ಚಿ ತೋರಿಸುವುದಿಲ್ಲವೇ?

ಕ್ಯಾಸೆಟ್ಟಿನ ಚಿಂತೆ ಬಿಡಿ. ಅದಕ್ಕೆ ಬೂಷ್ಟು ಹಿಡಿದಿತ್ತು. ಹಾಗೇ ಬಿಟ್ಟಿದ್ದರೆ ಇನ್ನೆರಡು ವರ್ಷದಲ್ಲಿ ಅಪ್ಪನ ದನಿಯೇ ಉಳಿಯುತ್ತಿರಲಿಲ್ಲ. ಇಲ್ಲಿ ಹಳೆಯ ಟೇಪುಗಳನ್ನು ಶುದ್ಧ ಮಾಡುವ ಒಬ್ಬ ಪರಿಣತರಿದ್ದಾರೆ, ಅವರ ಕೈಗೆ ಕೊಟ್ಟಿದ್ದೇನೆ. ಅದರಲ್ಲಿ ಎಂಥ ಗದ್ದಲವಿತ್ತು ಎಂಬುದು ನಿಮಗೆ ಗೊತ್ತಿಲ್ಲ ಅತ್ತೆ. ರಬ್ಬರ್ ಬ್ಯಾಂಡ್ ಕಟ್ಟಿ ಮುಚ್ಚಳ ನಿಲ್ಲಿಸಿದ ನಿಮ್ಮ ಟೇಪ್ ರೆಕಾರ್ಡರಿನಲ್ಲಿ ಅದು ಗೊತ್ತಾಗುವುದೂ ಇಲ್ಲ. ನನ್ನ ಸಿಸ್ಟಮ್ಮಿನಲ್ಲಿ ಹಚ್ಚಿದರೆ ಅಪ್ಪ ಸಂತೆಯ ನಡುವೆ ನಿಂತು ಹಾಡಿದಂತೆ ಕೇಳುತ್ತಿತ್ತು.

ಪಂಚಮಿಗೆ ಬರುತ್ತದೆ. ನಿಮಗೊಂದು ಆಶ್ಚರ್ಯ ಕಾದಿದೆ.

ಹೃಷೀಕೇಶ

*

ಖಾನಾಪುರ
೨ ಜುಲೈ ೨೦೨೫

ಹೃಷಿ,

ನನಗೆ ಆಶ್ಚರ್ಯ ಬೇಡ. ಕ್ಯಾಸೆಟ್ ಬೇಕು.

"ಗದ್ದಲ" ಎಂದು ಬರೆದಿದ್ದೀ. ಯಾವ ಗದ್ದಲ? ನೀನು ಆಗ ಹನ್ನೊಂದು ವರ್ಷದವನು, ಸಾಲಿಗೆ ಹೋಗಿದ್ದೆ. ಅದು ಹೇಗೆ ತುಂಬಿದ ಕ್ಯಾಸೆಟ್ ಎಂದು ಹೇಳುತ್ತೇನೆ, ಕೇಳು. ಎಂಬತ್ತೆಂಟರ ಪಂಚಮಿಗೆ ನಾನು ತವರಿಗೆ ಬಂದಿದ್ದೆ, ಬೆಳಗಾವಿಯ ಶಹಾಪುರದ ಮನೆಗೆ. ನಿಮ್ಮಪ್ಪನಿಗೆ ಹಬ್ಬದ ಮರುದಿನವೂ ಮಗ್ಗ ಬಿಡುವ ಹಾಗಿರಲಿಲ್ಲ. ನಾನು ಬಾಜೂಕ್ಕೆ ಕೂತು, ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ರೇಡಿಯೋ ರಿಪೇರಿಯ ಬುರಾನುದ್ದೀನ ಒಂದು ಟೇಪ್ ರೆಕಾರ್ಡರ್ ತಂದು ನೂಲಿನ ಗಂಟಿನ ಮೇಲೆ ಇಟ್ಟ. ಬಾಳಣ್ಣ ನಾಚಿ ಮಗ್ಗ ನಿಲ್ಲಿಸಲು ಹೋದರೆ ಬುರಾನುದ್ದೀನ ಬೈದ: "ಏ ಬಾಳೂ, ಮಗ್ಗ ನಿಲ್ಲಸಬ್ಯಾಡೋ ಮಾರಾಯಾ, ಅದು ನಿಂತ್ರ ನೀನೂ ನಿಂತಿ!"

ಆ ಹಾಡು ಯಾವ ಪುಸ್ತಕದ್ದೂ ಅಲ್ಲ, ನಾವಿಬ್ಬರೂ ಸಣ್ಣವರಿದ್ದಾಗಿನಿಂದ ಆಡುತ್ತಿದ್ದ ಆಟ. ಅವನು ಕೇಳುವುದು: "ಹೋದ ಲಾಳಿ ಯಾವೂರಿಗೆ ಹೋತೋ ತಂಗೀ?" ಆಮೇಲೆ ಮಗ್ಗದ್ದು ಎರಡು ಏಟು, ಖಟ್ ಖಟಾ. ಅದರ ಬೆನ್ನಿಗೆ ನಾನು ಬಾಯಿಗೆ ಬಂದ ಊರು ಹೇಳಬೇಕು. "ನಂದಗಡಕ್ಕ!" "ಗೋಕಾಕ ಸಂತಿಗೆ!" "ಅತ್ತಿಗಿ ತವರಿಗೆ, ಜಗಳಾ ಹಚ್ಚಾಕ!" ಒಳಗಿನಿಂದ ನಿಮ್ಮವ್ವ ಬೈದದ್ದೂ ಅದರಲ್ಲಿದೆ. ಏಳು ಸಲ ರಾಗ ಎಳೆದೆಳೆದು ಕೇಳುತ್ತಾನೆ, ಏಳು ಸಲ ನಾನು ಹೇಳುತ್ತೇನೆ. ಹನ್ನೊಂದು ನಿಮಿಷ.

ಬಾಳಣ್ಣ ಹೋದ, ನಿಮ್ಮವ್ವ ಹೋದಳು, ಆ ಮನೆ ಮಾರಿ ಅಲ್ಲಿ ಈಗ ಮೊಬೈಲ್ ಅಂಗಡಿ ಬಂದಿದೆ. ಪಂಚಮಿಗೆ ನಾನು ಎಲ್ಲಿಗೆ ಹೋಗಲಿ? ಪ್ರತಿ ಪಂಚಮಿಯ ಮಧ್ಯಾಹ್ನ ಹೊಸ ಸೀರೆ ಉಟ್ಟು, ಆ ಕ್ಯಾಸೆಟ್ ಹಚ್ಚಿಕೊಂಡು ಕೂಡುತ್ತೇನೆ. ವರ್ಷಕ್ಕೆ ಒಂದೇ ಸಲ. ನನ್ನ ಮಗಳು ಪ್ರಮಿಳಾ ಕೂಡ ಆ ಹನ್ನೊಂದು ನಿಮಿಷ ನನ್ನನ್ನು ಮಾತಾಡಿಸುವುದಿಲ್ಲ. "ಅವ್ವ ತವರಿಗೆ ಹೋಗ್ಯಾಳ" ಎನ್ನುತ್ತಾಳೆ, ಬಂದವರಿಗೆ.

ಇನ್ನು ನನ್ನ ಟೇಪ್ ರೆಕಾರ್ಡರಿನ ರಬ್ಬರ್ ಬ್ಯಾಂಡು. ಅದು ನಾನೇ ಕಟ್ಟಿದ್ದು, ಹನ್ನೆರಡು ವರ್ಷದಿಂದ ಕೈಕೊಟ್ಟಿಲ್ಲ. ಅದರಲ್ಲಿ ಶುರುವಾದ ಹಾಡು ಮುಗಿಯುತ್ತದೆ. ನಿನ್ನದರಲ್ಲಿ?

ಅತ್ತೆ

*

ಖಾನಾಪುರ
೩ ಆಗಸ್ಟ್ ೨೦೨೫

ಹೃಷೀಕೇಶನಿಗೆ,

ಪಂಚಮಿ ಹೋಯಿತು.

ಅಳ್ಳಿಟ್ಟಿನ ಉಂಡಿ ಕಟ್ಟಿದೆ, ಹೊಸ ಸೀರೆ ಉಟ್ಟೆ. ಗಜಾನನ ರೈಲು ಇಳಿದು ಬರುವ ಹೊತ್ತಿಗೆ ಮೂರು ಸಲ ಹೊರಗೆ ಬಂದು ನೋಡಿದೆ. ಅವನು ದೂರದಿಂದಲೇ ಬರಿಗೈ ತೋರಿಸಿದ. ಬಾಜೂ ಮನೆಯ ಶಿವಬಸವ್ವ ಕಟ್ಟೆಯ ಮೇಲೆ ಕೂತು, "ಯಾಕ ಚಂದ್ರವ್ವಾ, ಈ ವರ್ಸ ತವರಮನಿಗೆ ಹೋಗಲಿಲ್ಲೇನ?" ಎಂದು ಕೇಳಿದಳು. ಚೇಷ್ಟೆಗೇ ಕೇಳಿದ್ದು, ಆಕೆಯ ತಪ್ಪಿಲ್ಲ. ಕರಕೊಂಡು ಹೋಗುವವರು ಬರಲಿಲ್ಲ ಎಂದೆ.

ಎರಡು ಸಲ ಫೋನ್ ಮಾಡಿಸಿದೆ. "ಸರ್ ಶಾಪಿನ್ಯಾಗ ಅದಾರ, ಗದ್ಲದಾಗ ಕೇಳಸೂದಿಲ್ಲರಿ" ಎಂದು ನಿನ್ನ ಕೆಲಸದವರು ಹೇಳಿದರು.

ಅತ್ತೆ

*

ಬೆಳಗಾವಿ
೧೭ ಆಗಸ್ಟ್ ೨೦೨೫

ಅತ್ತೆಯವರಿಗೆ ನಮಸ್ಕಾರ.

ತಡವಾಯಿತು, ತಪ್ಪು ನನ್ನದು. ಕೆಲಸ ಪೂರ್ಣ ಚೆನ್ನಾಗಿ ಆಗುವ ತನಕ ಕಳಿಸಬಾರದು ಎಂದು ಹಠ ಹಿಡಿದಿದ್ದೆ. ಇದರ ಜೊತೆ ಒಂದು ಸಣ್ಣ ಸ್ಪೀಕರ್ ಕಳಿಸಿದ್ದೇನೆ, ಹಾಡು ಅದರಲ್ಲೇ ತುಂಬಿದೆ. ಪ್ರಮಿಳಾಗೆ ಗುಂಡಿ ಒತ್ತಲು ಹೇಳಿ.

ಅತ್ತೆ, ಒಂದು ಸಲ ಕಣ್ಣು ಮುಚ್ಚಿ ಕೇಳಿ. ಮಗ್ಗದ ಕಟಕಟ ಪೂರ್ತಿ ಹೋಗಿದೆ. ಬೂಷ್ಟಿನ ಸದ್ದಿಲ್ಲ, ಓಣಿಯ ಸದ್ದಿಲ್ಲ, ಅಪ್ಪ ಒಬ್ಬನೇ. ಉಸಿರು ತೆಗೆದುಕೊಳ್ಳುವುದೂ ಕೇಳುತ್ತದೆ. ಅಲ್ಲಲ್ಲಿ ತಾಳ ತಪ್ಪಿ ಸುಮ್ಮನೆ ನಿಂತುಬಿಟ್ಟಿದ್ದ. ಆ ಖಾಲಿ ಜಾಗಗಳನ್ನೂ ಆ ಪರಿಣತರು ಕತ್ತರಿಸಿ, ಹಾಡನ್ನು ಸಾಲಾಗಿ ಜೋಡಿಸಿ ಕೊಟ್ಟಿದ್ದಾರೆ. ಇದು ಅಪ್ಪನಿಗೆ ನಾನು ಮಾಡಿದ ಸೇವೆ ಎಂದು ತಿಳಿದಿದ್ದೇನೆ.

ಹೃಷೀಕೇಶ

*

ಖಾನಾಪುರ
೨೦ ಆಗಸ್ಟ್ ೨೦೨೫

ಹೃಷೀಕೇಶ,

ಸ್ಪೀಕರ್ ವಾಪಸ್ ಕಳಿಸಿದ್ದೇನೆ. ಗಜಾನನನ ಚೀಲದಲ್ಲಿದೆ, ಎಣಿಸಿಕೋ, ಒಂದೇ ಇದೆ.

ತಾಳ ತಪ್ಪಿದ್ದನೇ? ಬಾಳಣ್ಣ? ಮಗ್ಗದ ಮುಂದೆ ನಲವತ್ತು ವರ್ಷ ಕೂತವನು ತಾಳ ತಪ್ಪಿದ್ದನೇ? ಅವನ ತಾಳವನ್ನು ನೀವೇ ಕಿತ್ತು ಬಿಸಾಡಿ, ಆಮೇಲೆ ಅವನಿಗೆ ತಾಳವಿಲ್ಲ ಎನ್ನುತ್ತೀರಿ! ಮಗ್ಗವೇ ಅವನ ತಬಲಾ. ಅವನು ಸುಮ್ಮನೆ ನಿಂತದ್ದು ಎಲ್ಲಿ ಎಂದು ಒಂದು ಸಲವಾದರೂ ಯೋಚಿಸಿದೆಯಾ? ನಾನು ಹೇಳಲಿ ಎಂದು ನಿಂತಿದ್ದ. ಅದು ಖಾಲಿ ಜಾಗವಲ್ಲ, ನನ್ನ ಜಾಗ.

ಪ್ರಮಿಳಾ ಗುಂಡಿ ಒತ್ತಿದಳು. "ಹೋದ ಲಾಳಿ ಯಾವೂರಿಗೆ ಹೋತೋ ತಂಗೀ" ಎಂದ. ನಾನು ಬಾಯಿ ತೆರೆಯುವುದರೊಳಗೆ ಮತ್ತೆ "ಹೋದ ಲಾಳಿ" ಎಂದ. ಮತ್ತೆ ಮತ್ತೆ ಅದನ್ನೇ. ಉತ್ತರಕ್ಕೆ ಕಾಯದೆ ಹುಚ್ಚನ ಹಾಗೆ ಒಂದೇ ಮಾತು ಕೇಳುತ್ತಾನೆ. ಹನ್ನೊಂದು ನಿಮಿಷದ ಹಾಡು ಏಳು ನಿಮಿಷಕ್ಕೆ ಮುಗಿಯಿತು. ನಿಮ್ಮವ್ವ ಬೈದದ್ದು ಇಲ್ಲ. ನಾನು ಇಲ್ಲವೇ ಇಲ್ಲ. ಮಗ್ಗ, ಓಣಿ, ಬೂಷ್ಟು, ಚಂದ್ರಭಾಗಾ, ಎಲ್ಲ ಒಂದೇ ಕಸದ ಬುಟ್ಟಿಗೆ. ಪ್ರಮಿಳಾ ಮೆಲ್ಲಗೆ, "ಮಾಮಾನ ದನಿ ಭಾಳ ಸ್ವಚ್ಛ ಬಂದೈತೆವ್ವಾ" ಎಂದಳು. ಆಕೆಯ ಮೇಲೂ ರೇಗಿದೆ, ಪಾಪ.

ತವರಿನ ಬಾಗಿಲು ತೆಗೆದರೆ ಗೋಡೆಗೆ ಸುಣ್ಣ ಬಳಿದು, ನೆಲ ಒರೆಸಿ, ಒಳಗಿನ ಮಂದಿಯನ್ನೆಲ್ಲ ಹೊರಗೆ ಹಾಕಿದ್ದೀ.

ನನ್ನ ಕ್ಯಾಸೆಟ್ ಕಳಿಸು. ಬೂಷ್ಟಿನ ಸಮೇತ ಕಳಿಸು. ಬೇರೆ ಮಾತು ಬೇಡ.

ಚಂದ್ರಭಾಗಾ

*

ಬೆಳಗಾವಿ
೧೪ ಸೆಪ್ಟೆಂಬರ್ ೨೦೨೫

ಅತ್ತೆ,

ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಫೋನಿನಲ್ಲಿ ಹೇಳಲು ಆಗಲಿಲ್ಲ.

ಕ್ಯಾಸೆಟ್ ಇಲ್ಲ. ಮಾರ್ಚಿನಿಂದಲೇ ಇಲ್ಲ. ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಟೇಪು ಎರಡು ಕಡೆ ಹರಿಯಿತು. "ಅದರಾಗಿಂದೆಲ್ಲಾ ತಗೊಂಡಾಗೇತಿ, ಇದು ಇನ್ನ ಬೇಕೇನ್ರಿ?" ಎಂದು ಅವರು ಕೇಳಿದರು. "ಬ್ಯಾಡ್ರಿ" ಎಂದೆ. ನಾನೇ ಹೇಳಿದ್ದು, ಅತ್ತೆ. ಅವರ ತಪ್ಪಿಲ್ಲ. ಬಿಸಾಡಿದರು. ನೀವು ಪತ್ರದ ಮೇಲೆ ಪತ್ರ ಬರೆದು ಕೇಳುವಾಗ, ಹೊಸದು ಕೇಳಿದರೆ ಹಳೆಯದನ್ನು ಮರೆಯುತ್ತೀರಿ ಎಂಬ ಧೈರ್ಯದಲ್ಲಿದ್ದೆ.

ಯಾಕೆ ಮಾಡಿದೆ ಎಂದೂ ಹೇಳಿಬಿಡುತ್ತೇನೆ. ನಿಮಗೆ ಮಗ್ಗದ ಸದ್ದು ಎಂದರೆ ಪಂಚಮಿ, ವರ್ಷಕ್ಕೆ ನಾಲ್ಕು ದಿನ. ನನಗೆ ಅದು ದಿನವೂ. ಸಾಲಿಯಿಂದ ಬಂದು ಏನಾದರೂ ಹೇಳಿದರೆ ಅಪ್ಪ ಮಗ್ಗದ ಆಚೆಯಿಂದ "ಆಂ? ಆಂ?" ಎನ್ನುತ್ತಿದ್ದ. ನನ್ನ ಮಾತು ಅವನಿಗೆ ಕೇಳಿಸುತ್ತಿರಲಿಲ್ಲ, ಅವನ ಮಾತು ನನಗೆ. ಹತ್ತೊಂಬತ್ತು ವರ್ಷ ಅವನ ಜೊತೆ ಇದ್ದೆ, ಆ ಸದ್ದು ಇಲ್ಲದ ಅವನ ದನಿ ನನಗೆ ನೆನಪೇ ಇಲ್ಲ. ಒಂದು ಸಲವಾದರೂ ಮಗ್ಗ ಬಿಟ್ಟು ನನ್ನೊಬ್ಬನಿಗಾಗಿ ಹಾಡಲಿ ಎಂದು ಆಸೆಪಟ್ಟೆ. ಅದಕ್ಕೇ ಆ ಕೋಣೆ, ಆ ಸ್ಪೀಕರು. ಬೇಕಿದ್ದರೆ ಬೈಯಿರಿ.

ಹೃಷಿ

*

ಖಾನಾಪುರ
೧೮ ಸೆಪ್ಟೆಂಬರ್ ೨೦೨೫

ಹೃಷಿ,

ಮುಟ್ಟಿತು.

ಬೈಯಲಿಕ್ಕೆ ಪೆನ್ನು ಹಿಡಿದೇ ಕೂತೆ. ಬ್ಯಾಡ್ರಿ ಎಂದೆಯಲ್ಲ, ಎಷ್ಟು ಹಗುರ. ಆ ಬ್ಯಾಡ್ರಿ ಎಂದದ್ದು ನಿನ್ನ ವಸ್ತುವಿಗಲ್ಲ, ನನ್ನದಕ್ಕೆ. ಮಾರ್ಚಿನಿಂದ ಸೆಪ್ಟೆಂಬರ್ ತನಕ ಸುಳ್ಳು ಹೇಳಿದ್ದು ಬೇರೆ. ಪಂಚಮಿಯ ದಿನ ನಾನು ಹೊಸಿಲಲ್ಲಿ ನಿಂತು ಕಾದದ್ದು ಇಲ್ಲದ ವಸ್ತುವಿಗೆ ಎಂದು ನಿನಗೆ ಗೊತ್ತಿತ್ತು.

ಮಗ್ಗ ಬಿಟ್ಟು ಹಾಡಲಿ ಎಂದು ಆಸೆ ಪಟ್ಟೆ ಎಂದಿದ್ದೀ. ನಿನಗೆ ಯಾರೂ ಹೇಳಿಲ್ಲ, ಹೇಳುತ್ತೇನೆ. ನನ್ನ ಮದುವೆಯಲ್ಲಿ ಬಾಳಣ್ಣನನ್ನು ಎಲ್ಲರೂ ಸೇರಿ ಹಾಡಲು ಕೂಡಿಸಿದರು. ಗಾದಿ ಹಾಸಿದ್ದರು, ಪೇಟಿ, ತಬಲಾ ಇದ್ದವು. ಎರಡು ಸಾಲು ಹೇಳಿ ನಿಂತ. ಜಮಖಾನೆಯ ಮೇಲೆ ಅವನ ಕಾಲು ಮಗ್ಗದಲ್ಲಿ ತುಳಿಯುವ ಮೆಟ್ಟು ಹುಡುಕುತ್ತಿತ್ತು. ಎದ್ದು ಹಿತ್ತಲಿಗೆ ಹೋಗಿಬಿಟ್ಟ. ನೀನು ಕೇಳಬೇಕೆಂದ ಆ ಮನುಷ್ಯ ಎಂದೂ ಇರಲಿಲ್ಲ ಮಗನೇ. ಎಷ್ಟು ದೊಡ್ಡ ಸ್ಪೀಕರ್ ತಂದರೂ ಇಲ್ಲದವನು ಹೇಗೆ ಹಾಡುತ್ತಾನೆ?

ಈ ಸಲ ಆಶೀರ್ವಾದ ಬರೆಯಲು ಕೈ ಏಳುತ್ತಿಲ್ಲ.

ಚಂದ್ರಭಾಗಾ

*

ಬೆಳಗಾವಿ
೫ ಅಕ್ಟೋಬರ್ ೨೦೨೫

ಅತ್ತೆ,

ಆ ಪರಿಣತರ ಬಳಿ ಮೂರು ಸಲ ಹೋದೆ. ಕ್ಯಾಸೆಟ್ಟಿನಿಂದ ಮೊದಲು ಇಳಿಸಿಕೊಂಡದ್ದನ್ನು ಅಳಿಸಿಬಿಟ್ಟಿದ್ದಾರೆ. ಆದರೆ ನಡುವಿನ ಹಂತದ ಒಂದು ಪ್ರತಿ ಸಿಕ್ಕಿತು. ಅದರಲ್ಲಿ ಮಗ್ಗವಿಲ್ಲ, ನೀವೂ ಇಲ್ಲ, ಆದರೆ ತೆರಪುಗಳನ್ನು ಕತ್ತರಿಸಿಲ್ಲ. ಹನ್ನೊಂದು ನಿಮಿಷವೂ ಇದೆ. ಅಪ್ಪ ಕೇಳುತ್ತಾನೆ, ಕಾಯುತ್ತಾನೆ.

ಆ ಕುರ್ಚಿ ಹೊರಗಿಟ್ಟು, ನಾನೂ ಮುಗ್ಧಾನೂ ನೆಲಕ್ಕೆ ಕೂತು ಕೇಳಿದೆವು. ನಾನು ನಡುವೆ ಎದ್ದು ಏನೋ ತಿರುವಲು ಹೋದೆ. "ಕುಂದರ್ರಿ ಸುಮ್ಮ" ಎಂದು ಅಂಗಿ ಹಿಡಿದು ಕೂಡಿಸಿದಳು. ಎರಡು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಪೂರ್ತಿ ಕೇಳಿದ ಮೊದಲ ಹಾಡು ಅದು, ಖರೇ ಹೇಳುತ್ತೇನೆ. ಒಂದು ಕಡೆ, ತೆರಪು ಮುಗಿದ ಮೇಲೆ ಅಪ್ಪ ನಗುತ್ತಾನೆ ಅತ್ತೆ. ಹೊಟ್ಟೆ ಹಿಡಿದು ನಗುತ್ತಾನೆ. ಅವನು ಹಾಗೆ ನಕ್ಕದ್ದನ್ನು ನಾನು ನೋಡಿಲ್ಲ. ಕತ್ತರಿಸಿದ ಪ್ರತಿಯಲ್ಲಿ ಅದನ್ನೂ ತೆಗೆದಿದ್ದರು, ಹಾಡಿನ ಭಾಗವಲ್ಲ ಎಂದು.

೧೨ನೇ ತಾರೀಖು ರವಿವಾರ ಬರುತ್ತೇವೆ. ಬಾಗಿಲು ತೆಗೆಯುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು.

ಹೃಷಿ

*

ಖಾನಾಪುರ
೧೩ ಅಕ್ಟೋಬರ್ ೨೦೨೫

ಹೃಷಿ,

ನಿನ್ನೆ ನಿನ್ನೆದುರು ಹೇಳದ ಒಂದು ಮಾತಿದೆ, ಅದಕ್ಕೇ ಈ ಕಾಗದ.

ಬಂದದ್ದು ಒಳ್ಳೆಯದಾಯಿತು. ಸ್ಪೀಕರ್ ತರದೆ ಬಂದದ್ದು ಇನ್ನೂ ಒಳ್ಳೆಯದು. ಮುಗ್ಧಾ ದನಿ ದೊಡ್ಡದಾಗಲೆಂದು ಫೋನನ್ನು ನನ್ನ ಸ್ಟೀಲಿನ ಡಬರಿ ಪಾತ್ರೆಯಲ್ಲಿ ಇಟ್ಟಳಲ್ಲ, "ಇದು ನೋಡ್ರಿ ಅತ್ತಿ, ನಮ್ಮ ಹೊಸಾ ಸಿಸ್ಟಮ್" ಎಂದು, ಆಗ ನಿನ್ನ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಬಾಳಣ್ಣ ಡಬರಿಯೊಳಗಿಂದ ಕೇಳಿದ. ನಾನು ಮಣೆಯ ಮೇಲೆ ಖಟ್ ಖಟಾ ಎಂದು ಏಟು ಹಾಕಿ ಹೇಳಿದೆ. ನಂದಗಡ ಬಂತು, ಗೋಕಾಕ ಬಂತು, ಅತ್ತಿಗೆಯ ತವರು ಬಂತು. ನಾಲ್ಕನೆಯದಕ್ಕೆ "ಸಾಹುಕಾರನ ಗೋಡೌನಿಗೆ", ಐದನೆಯದಕ್ಕೆ "ಹಳ್ಯಾಳಕ್ಕ, ಹಲ್ಲ ಕೀಳಸಾಕ". ಬಾಗಿಲಲ್ಲಿ ನಿಂತ ಶಿವಬಸವ್ವ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಆರನೆಯದಕ್ಕೆ ನಾನು ಸುಮ್ಮನಾದೆ. ನೀನು ಹತ್ತಿರ ಬಂದು ಭುಜದ ಮೇಲೆ ಕೈ ಇಟ್ಟೆ. ಅತ್ತೆಗೆ ದುಃಖ ಒತ್ತಿ ಬಂತು ಎಂದು ನೀನು ತಿಳಿದೆ. ಅದಲ್ಲ. ಆರನೇ ಊರು ನನಗೆ ನೆನಪಾಗಲಿಲ್ಲ.

ಮಣೆಗೆ ಏಟು ಹಾಕಿದೆ, ಬಾಯಿ ತೆರೆದೆ, ಬರಲಿಲ್ಲ. ಅಷ್ಟರಲ್ಲಿ ಅವನು ನಕ್ಕ. ನಾನೇನೋ ಹೇಳಿದ್ದೆ, ಅದಕ್ಕೆ ಅಷ್ಟು ನಕ್ಕ. ಏನು ಹೇಳಿದ್ದೆ? ವರ್ಷ ವರ್ಷವೂ ಕೇಳುತ್ತಿದ್ದೆ, ಕ್ಯಾಸೆಟ್ಟು ಓಡುವಾಗ ತುಟಿಗೆ ತಾನಾಗಿಯೇ ಬರುತ್ತಿತ್ತು. ಅದರಲ್ಲಿ ಇದೆಯಲ್ಲ ಎಂದು ನಾನು ಬೇರೆ ನೆನಪು ಇಟ್ಟುಕೊಳ್ಳಲಿಲ್ಲ. ನೀವು ಹೋದ ಮೇಲೆ ಸಂಜೆ ತನಕ ಊರಿನ ಹೆಸರು ಜಪಿಸಿದೆ: ಬೀಡಿ, ಇಟಗಿ, ಲೋಂಡಾ, ಸಂಪಗಾವಿ. ಯಾವುದಕ್ಕೂ ಅವನು ಹಾಗೆ ನಗುವುದಿಲ್ಲ. ಬುರಾನುದ್ದೀನನಿಗೆ ಫೋನ್ ಮಾಡಿಸಿದೆ. "ನಕ್ಕಿದ್ದು ಖರೇ ನೆನಪೈತ್ರಿ ಚಂದ್ರಕ್ಕಾ, ನಾನೂ ನಕ್ಕಿದ್ದೆ. ಯಾತಕ್ಕ ಅಂದ್ರ... ಯಾ ಅಲ್ಲಾ, ಎಲ್ಲೋ ಹೋತು" ಎಂದ. ಎಂಬತ್ತು ದಾಟಿದೆ ಅವನಿಗೆ, ಏನು ಮಾಡುತ್ತಾನೆ?

ಪ್ರಮಿಳಾ ಸಮಾಧಾನ ಹೇಳುತ್ತಾಳೆ: "ಯಾವದರ ಒಂದ ಊರ ಅನ್ನಬೇ, ಯಾರಿಗೆ ಗೊತ್ತಾಕ್ಕೈತಿ?" ಬಾಳಣ್ಣನಿಗೆ ಗೊತ್ತಾಗುತ್ತದೆ. ಅವನು ನಗುತ್ತಿರುವುದು ಬೇರೆ ಯಾವುದಕ್ಕೋ.

ನೀನು ತಪ್ಪೊಪ್ಪಿಕೊಂಡೆ, ಹುಡುಕಿದೆ, ನೆಲಕ್ಕೆ ಕೂತೆ. ಅದನ್ನೆಲ್ಲ ನೋಡಿದ್ದೇನೆ. ಮುಂದಿನ ಪಂಚಮಿಗೆ ಇಬ್ಬರೂ ಬರ್ರಿ, ಏಟು ಹಾಕುವುದನ್ನು ನಿನಗೆ ಕಲಿಸುತ್ತೇನೆ. ನನ್ನ ಕೈ ಸೋತರೆ ನೀನು ಹಾಕು. ಆದರೆ ಆರನೆಯದಕ್ಕೆ ಯಾರೂ ಬಾಯಿ ತೆರೆಯಬಾರದು, ನೀನಂತೂ ಕೂಡದು. ಆ ಪರಿಣತರ ಕಡೆ ಒಯ್ದು ಅಲ್ಲಿ ಏನೂ ತುಂಬಿಸಲೂ ಬೇಡ. ಏಟು ಹಾಕಿ ಸುಮ್ಮನೆ ಕೂಡು. ಅವನು ನಗಲಿ. ಅಲ್ಲಿಗೆ ಬಂದಾಗಲೆಲ್ಲ ನನಗೆ ನಿನ್ನ ಮೇಲೆ ಸಿಟ್ಟು ಬರುತ್ತದೆ. ಬರಲಿ, ಅವನು ನಗುವಷ್ಟು ಹೊತ್ತು ಬರಲಿ. ಏಳನೆಯದಕ್ಕೆ ನಾನು ಮತ್ತೆ ಹೇಳುತ್ತೇನೆ.

ಅತ್ತೆ